ಕತ್ತಲು ಕಾಯುವವನ ಹಸಿರು ದೀಪ

ಸೀಬ್ರೆನ್ ಹೋಕ್ಸ್ಟ್ರಾನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಹಾಗಂತ ಬೇರೆ ಯಾರೂ ಹೇಳುತ್ತಿರಲಿಲ್ಲ, ಅವನೇ ಹೇಳುತ್ತಿದ್ದ. ಅವನ ಹಸಿರುಮನೆಗಳಲ್ಲಿ ಹತ್ತೊಂಬತ್ತು ವರ್ಷ ಕುಂಡಗಳಿಗೆ ಬಣ್ಣದ ಕಾಗದ ಸುತ್ತಿದವಳು ನಾನು, ಅಲೀಡಾ. ಅವನೂ ನಾನೂ ಒಂದೇ ಚರ್ಚಿನವರು. ಅವನ ಹಿಂದಿನ ಬೆಂಚಿನಲ್ಲಿ ಕೂತು ಅವನ ಬೋಳು ತಲೆಯನ್ನು ಸಾವಿರ ಭಾನುವಾರ ನೋಡಿದ್ದೇನೆ. ಆದ್ದರಿಂದ ಅವನನ್ನು ಆಡಿಕೊಳ್ಳುವ ಹಕ್ಕು ನನಗೆ ಬೇಕಾದಷ್ಟಿದೆ.

ಅವನು ಬೆಳೆಯುತ್ತಿದ್ದದ್ದು ಪಾಯಿನ್ಸೆಟಿಯಾ, ಕ್ರಿಸ್‌ಮಸ್ಸಿಗೆ ಮನೆಮನೆಯ ಕಿಟಕಿಯಲ್ಲೂ ಚರ್ಚಿನ ವೇದಿಕೆಯ ಮೇಲೂ ಕೆಂಪಗೆ ಕೂರುವ ಗಿಡ. ಜನ ಹೂ ಎಂದು ಕೊಂಡೊಯ್ಯುವುದು ನಿಜಕ್ಕೂ ಅದರ ತುದಿಯ ಎಲೆ. ಆ ಎಲೆ ಕೆಂಪಾಗಬೇಕಾದರೆ ಸೆಪ್ಟೆಂಬರ್ ಕೊನೆಯಿಂದ ಎರಡು ತಿಂಗಳ ಕಾಲ, ದಿನಕ್ಕೆ ಹದಿನಾಲ್ಕು ಗಂಟೆ ಎಡೆಬಿಡದ ಕತ್ತಲು ಬೇಕು. ನಡುವೆ ಬೆಳಕು ಬಿದ್ದರೆ ಗಿಡ ಇನ್ನೂ ಬೇಸಿಗೆಯೆಂದೇ ತಿಳಿದು ಹಸಿರಾಗಿ ಉಳಿಯುತ್ತದೆ. ಕ್ರಿಸ್‌ಮಸ್ಸಿಗೆ ಹಸಿರು ಗಿಡ ಯಾರಿಗೆ ಬೇಕು? ಎಸೆಯುವುದಕ್ಕೂ ಕೂಲಿ ದಂಡ.

ನಮ್ಮ ನಯಾಗರಾ ಜಲಪಾತದ ಕಡೆ ಬೆಳೆಗಾರರೆಲ್ಲ ಈ ಕತ್ತಲನ್ನು ಕಾಯುತ್ತಾರೆ. ಸೀಬ್ರೆನ್ ಮಾತ್ರ ಕತ್ತಲು ತನ್ನ ಅಪ್ಪನ ಆಸ್ತಿ ಎಂಬಂತೆ ಕಾಯುತ್ತಿದ್ದ. ಎಲೆ ಉದುರುವ ಕಾಲ ಬಂತೆಂದರೆ ಪ್ಯಾಕಿಂಗ್ ಕೊಠಡಿಯ ಕಿಟಕಿಗೆಲ್ಲ ಕಪ್ಪು ಪ್ಲಾಸ್ಟಿಕ್. ಸಂಜೆಯಾದರೆ ನಮ್ಮೆಲ್ಲರ ಫೋನೂ ಒಂದು ತಗಡಿನ ಡಬ್ಬಿಯೊಳಗೆ. ಗೊಬ್ಬರದ ಲಾರಿಯವನು ಒಮ್ಮೆ ಹೆಡ್‌ಲೈಟ್ ಹಾಕಿಕೊಂಡೇ ಅಂಗಳಕ್ಕೆ ತಿರುಗಿಸಿದ್ದಕ್ಕೆ ಅವನನ್ನು ಕೆಳಗಿಳಿಸಿ, "ಏನಯ್ಯಾ, ನಿಮ್ಮನೆ ಮದುವೆ ದಿಬ್ಬಣಾನಾ ಇದು?" ಎಂದು ಊರು ಕೇಳುವಂತೆ ಕೂಗಾಡಿದ್ದ. ಹ್ಯಾಲೋವೀನ್ ಹಬ್ಬದ ಸಂಜೆ ಎದುರುಮನೆಯ ಮಕ್ಕಳು ಕುಂಬಳಕಾಯಿ ಕೊರೆದು ಒಳಗೊಂದು ಮೇಣದಬತ್ತಿ ಹಚ್ಚಿಟ್ಟರೆ, ಈ ಎಪ್ಪತ್ತೊಂದರ ಮುದುಕ ರಸ್ತೆ ದಾಟಿ ಹೋಗಿ ಅದನ್ನು ಊದಿ ಆರಿಸಿ ಬಂದ. ಮಕ್ಕಳು ಅತ್ತವು. "ಅಳಲಿ ಬಿಡು, ಅಳೋಕೆ ಬೆಳಕು ಬೇಕಿಲ್ಲ" ಎಂದ. ಆ ಮನೆಯ ಹೆಂಗಸು ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾಳೆ, ನಾನೇ ಊದಿದೆನೇನೋ ಎಂಬಂತೆ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಮರೀಕೆ, ನಲವತ್ತೊಂದರವಳು, ಹಸಿರುಮನೆಯ ಎಲ್ಲ ಕೆಲಸವನ್ನೂ ಹೊತ್ತಿದ್ದಳು. ನೆಡುವ ಕಡ್ಡಿ ತರಿಸುವುದು, ಗಿಡಗಳನ್ನು ಬೆಚ್ಚಗಿಡುವ ಒಲೆ ನೋಡುವುದು, ಅಂಗಡಿಗಳವರ ಜತೆ ಜಗಳವಾಡುವುದು ಎಲ್ಲ ಅವಳೇ. ಸಹಿ ಮಾತ್ರ ಅಪ್ಪನದು. ಒಂದು ಚೀಲ ಮಣ್ಣು ಬೇಕಾದರೂ ಅವಳು ಕಾಗದ ಹಿಡಿದು ಅವನ ಅಡುಗೆಮನೆಯ ಮೇಜಿನ ಮುಂದೆ ನಿಲ್ಲಬೇಕು. ನನಗೂ ಸಹಿ ಹಾಕೋ ಅಧಿಕಾರ ಕೊಡಪ್ಪ ಎಂದು ಹತ್ತು ವರ್ಷದಿಂದ ಕೇಳುತ್ತಿದ್ದಳು. "ನಾನು ಸತ್ತ ಮೇಲೆ ಪೆನ್ನು ನಿಂದೇ ಅಲ್ವೇನೆ, ಅವಸರ ಏನು?" ಎನ್ನುತ್ತಿದ್ದ. ಸಾಯುವ ಲಕ್ಷಣವೇನೂ ಕಾಣುತ್ತಿರಲಿಲ್ಲ. ದಿನಕ್ಕೆ ನಾಲ್ಕು ಆಲೂಗಡ್ಡೆ, ಒಂದು ಹೆರಿಂಗ್ ಮೀನು ತಿಂದು ಗುಂಡುಕಲ್ಲಿನಂತಿದ್ದ.

ಇನ್ನೊಬ್ಬ ಎವರ್ಟನ್. ಜಮೈಕಾದವನು, ನಲವತ್ತೆಂಟು ವರ್ಷ. ಏಪ್ರಿಲ್‌ನಲ್ಲಿ ಬಂದು ಡಿಸೆಂಬರ್‌ನಲ್ಲಿ ವಾಪಸು ಹೋಗುವ ಕೆಲಸಗಾರರಲ್ಲಿ ಒಬ್ಬ, ಹದಿನಾಲ್ಕು ವರ್ಷದಿಂದ ಇದೇ ಹಸಿರುಮನೆಗೆ. ಇಂಥವರು ಮರುವರ್ಷ ಬರಬೇಕಾದರೆ ಬೆಳೆಗಾರ ಅವರ ಹೆಸರನ್ನು ಪಟ್ಟಿಯಲ್ಲಿ ಬರೆದು, ಕೆಲಸಗಾರರನ್ನು ಕರೆಸುವ ಆಫೀಸಿಗೆ ಕಳಿಸಬೇಕು. ಹೆಸರಿದ್ದರೆ ವಿಮಾನ ಹತ್ತಬಹುದು, ಇಲ್ಲವಾದರೆ ಇಲ್ಲ. ಇಷ್ಟು ವರ್ಷ ಕರೆದವನೇ ಬಿಟ್ಟ ಎಂದರೆ ಬೇರೆ ಬೆಳೆಗಾರರೂ ಮುಟ್ಟುವುದಿಲ್ಲ, ಏನೋ ಐಬಿದೆ ಎನ್ನುತ್ತಾರೆ. ಎವರ್ಟನ್‌ನ ಮಗಳು ಅಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೆರಡು ವರ್ಷ ಬಾಕಿ. ಅವಳು ಬಿಳಿ ಟೋಪಿ ಹಾಕಿಕೊಂಡ ಫೋಟೋವನ್ನು ಅವನು ನನಗೆ ವಾರಕ್ಕೊಮ್ಮೆ ತೋರಿಸುತ್ತಿದ್ದ. ಪ್ರತಿ ಸಲವೂ ನಾನು ಮೊದಲ ಸಲ ನೋಡಿದವಳ ಹಾಗೆ ನೋಡುತ್ತಿದ್ದೆ. ಅವನ ಮಟ್ಟಿಗೆ ಆ ಪಟ್ಟಿಯ ಒಂದು ಸಾಲೆಂದರೆ ಮಗಳ ಎರಡು ವರ್ಷ.

ಆಗಸ್ಟಿನಲ್ಲಿ ಯಾರೋ ಹಿಂದಿನ ಬಾಗಿಲು ಮುರಿದು ಒಲೆಮನೆಯ ತಾಮ್ರದ ಕೊಳವೆಗಳನ್ನು ಕೊಯ್ದುಕೊಂಡು ಹೋದರು. ಮರೀಕೆ ಮೂರು ಕ್ಯಾಮೆರಾ ತರಿಸಿದಳು. ಒಂದು ಒಲೆಮನೆಗೆ, ಒಂದು ಅಂಗಳಕ್ಕೆ, ಒಂದು ಮೂರನೇ ಹಸಿರುಮನೆಯ ಉತ್ತರದ ಗೋಡೆಗೆ. ಏಣಿ ಹತ್ತಿ ಅವನ್ನು ಕೂರಿಸಿದವನು ಎವರ್ಟನ್. ಕತ್ತಲಾದರೆ ಕ್ಯಾಮೆರಾದ ಕಣ್ಣಿನ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಮಂದವಾಗಿ ಕಾಣುತ್ತಿದ್ದವು. ಅವು ಇನ್‌ಫ್ರಾರೆಡ್ ದೀಪಗಳು, ಮನುಷ್ಯರ ಕಣ್ಣಿಗೆ ಕಾಣದ ಬೆಳಕನ್ನು ಚೆಲ್ಲಿ ಕತ್ತಲಲ್ಲೂ ಚಿತ್ರ ಹಿಡಿಯುತ್ತವೆ ಎಂದು ಮರೀಕೆ ಹೇಳಿದಳು.

ಸೀಬ್ರೆನ್ ಚುಕ್ಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಆದರೂ ಆಗ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಇನ್ನೊಬ್ಬ ಮೂರ್ಖನ ಬೆಂಬಲ ಬೇಕಿತ್ತು. ಅದು ಅಕ್ಟೋಬರ್ ಮೊದಲ ಭಾನುವಾರ ಚರ್ಚಿನ ಕಾಫಿಯ ಹೊತ್ತಿನಲ್ಲಿ ಸಿಕ್ಕಿತು. ರೈಂಡರ್ಟ್ ಎಂಬ ಟೊಮೆಟೊ ಬೆಳೆಗಾರ ಬಟ್ಟಲು ಕಲಕುತ್ತ ಹೇಳಿದ, "ಕ್ಯಾಮೆರಾ ಹಾಕ್ಸಿದ್ಯಂತೆ? ಹೋಯ್ತು ನಿನ್ ಗಿಡ. ಆ ಕಾಣದ ಬೆಳಕು ಗಿಡಕ್ಕೆ ನಿದ್ದೆ ಕೊಡಲ್ವಂತೆ. ನನ್ ಭಾವಮೈದುನನ ಪಕ್ಕದ ಮನೆಯವ್ನು ಹಾಗೇ ಹಾಳಾದ."

"ಏನು ಬೆಳೀತಿದ್ದ ಅವ್ನು?" ಎಂದು ನಾನು ಕೇಳಿದೆ.

"ಅದೆಲ್ಲ ಗೊತ್ತಿಲ್ಲ ಕಣಮ್ಮ. ಹಾಳಾಗಿದ್ದಂತೂ ನಿಜ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಟೊಮೆಟೊದವನಿಗೆ ಕತ್ತಲ ಗೋಜೇ ಇಲ್ಲ, ಅವನು ಚಳಿಗಾಲವಿಡೀ ದೀಪ ಹಚ್ಚಿ ಆಕಾಶವನ್ನೆಲ್ಲ ಕಿತ್ತಳೆ ಮಾಡುವ ಗಿರಾಕಿ. ಅಂಥವನ ಮಾತು ಸೀಬ್ರೆನ್‌ಗೆ ವೇದವಾಯಿತು. ಸೋಮವಾರ ಬೆಳಿಗ್ಗೆ ಮಗಳ ಮುಂದೆ ಅದನ್ನೇ ಒದರಿದ. ಅವಳು ಸುಮ್ಮನಿರದೆ, ಕಡ್ಡಿ ಮಾರುವ ಕಂಪನಿಯ ತಜ್ಞೆಗೆ ಬರೆದು ಉತ್ತರ ತರಿಸಿ ಹತ್ತು ಗಂಟೆಯ ಕಾಫಿಗೆ ನಮ್ಮೆಲ್ಲರೆದುರು ಓದಿದಳು.

"ನೋಡಪ್ಪ. ಗಿಡಕ್ಕೆ ಕೆಂಪು ಬೆಳಕು ಗೊತ್ತಾಗುತ್ತೆ, ಕೆಂಪಿನ ಅಂಚಿಗಿರೋದೂ ಗೊತ್ತಾಗುತ್ತೆ. ಹಗಲೋ ರಾತ್ರಿಯೋ ಅಂತ ಅದು ಲೆಕ್ಕ ಹಾಕೋದೇ ಅದ್ರಿಂದ. ಈ ಕ್ಯಾಮೆರಾ ಬೆಳಕು ಅದಕ್ಕಿಂತ ಇನ್ನೂ ಆಚೆಗಿದೆ. ಗಿಡ ಅದಕ್ಕೆ ಕುರುಡು. ಅಷ್ಟು ದೂರದಿಂದ ಬಿಸೀನೂ ತಾಗಲ್ಲ. ಏನೂ ಆಗಲ್ಲ ಅಂತ ಬರ್ದಿದಾರೆ."

"ಕಾಣೋ ಬೆಳಕಾದ್ರೆ ಆರಿಸ್ಬಹುದು. ಕಾಣದ್ದನ್ನ ಏನ್ ಮಾಡ್ತೀಯ?" ಎಂದ ಸೀಬ್ರೆನ್.

"ಏನ್ ಮಾಡೋದೂ ಬೇಡ, ಅದೇ ಹೇಳ್ತಿರೋದು."

"ಅವ್ರು ಕಡ್ಡಿ ಮಾರೋರು. ಗಿಡ ಸತ್ರೆ ಮತ್ತೆ ಕಡ್ಡಿ ಮಾರ್ತಾರೆ. ಅವ್ರ ಮಾತು ನಂಬ್ತೀಯಲ್ಲ, ನೀನು ನನ್ ಮಗಳೇನಾ?" ಎಂದು ಬಿಸ್ಕತ್ತಿನ ಡಬ್ಬಿ ಮುಚ್ಚಿದ. ನಮ್ಮಲ್ಲಿ ಕಾಫಿಗೆ ತಲಾ ಒಂದೇ ಬಿಸ್ಕತ್ತು, ಡಬ್ಬಿ ಮುಚ್ಚಿದರೆ ಮಾತೂ ಮುಗಿಯಿತು ಎಂದರ್ಥ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಮದ್ದು ಮಗಳಾಗಿ ಹುಟ್ಟಿದ್ದೇ ತಪ್ಪಾಗಿತ್ತು.

ನವೆಂಬರ್ ಎರಡನೇ ವಾರದ ಹೊತ್ತಿಗೆ ಉಳಿದ ಮನೆಗಳೆಲ್ಲ ಕೆಂಪೇರಿದವು. ಮೂರನೆಯದು ಹಸಿರಾಗಿಯೇ ನಿಂತಿತ್ತು. ಅಲ್ಲಲ್ಲಿ ಒಂದೊಂದು ಗಿಡದ ತುದಿಯಲ್ಲಿ ಕಂದು ಮಿಶ್ರಿತ ಪೆಚ್ಚು ಬಣ್ಣ, ಅಷ್ಟೇ. ಎರಡು ಸಾವಿರ ಕುಂಡ. ಸೀಬ್ರೆನ್ ಬಾಗಿಲಲ್ಲಿ ನಿಂತು ನೋಡಿದ. ಅವನ ಮುಖದಲ್ಲಿ ದುಃಖ ಇರಬೇಕಿತ್ತು. ನಾನು ಕಂಡದ್ದು ಗೆಲುವು.

"ಹೇಳ್ಲಿಲ್ವಾ?" ಎಂದ.

ಅಂದು ಹತ್ತು ಗಂಟೆಯ ಕಾಫಿಗೆ ಎವರ್ಟನ್ ಕೈ ತೊಳೆದು ಬಂದು ಕೂತ. ಸೀಬ್ರೆನ್ ಅವನ ಮುಖ ನೋಡದೆ, ತನ್ನ ಬಟ್ಟಲಿಗೆ ಹೇಳುವವನಂತೆ ಹೇಳಿದ, "ಆ ಯಂತ್ರಾನ ಗಿಡದ ಕಡೆ ತಿರುಗಿಸಿ ಕೂರಿಸಿದ್ದು ಯಾರು? ಬಾಗಿಲ ಕಡೆ ಮಾತ್ರ ಇಡು ಅಂದಿದ್ದೆ."

"ಹಾಗಂದಿರ್ಲಿಲ್ಲ ಬಾಸ್," ಎಂದ ಎವರ್ಟನ್. "ನೀವು ಅವತ್ತು ಏಣಿ ಹತ್ರಾನೂ ಬರ್ಲಿಲ್ಲ."

"ಹದಿನಾಲ್ಕು ವರ್ಷ ಕತ್ತಲು ಅಂದ್ರೇನು ಅಂತ ಕಲಿಸ್ದೆ. ಕಲೀದೋನಿಗೆ ಹದಿನೈದನೇ ವರ್ಷ ಯಾಕೆ? ಪಟ್ಟಿ ಹೋದ ವಾರಾನೇ ಕಳಿಸಿದೀನಿ. ನಿನ್ನ ಹೆಸರು ಬರ್ದಿಲ್ಲ."

ಮರೀಕೆಯ ಕೈಯಲ್ಲಿದ್ದ ಕಾಫಿಯ ಜಗ್ಗು ಹಾಗೇ ನಿಂತಿತು. ಪಟ್ಟಿಯಲ್ಲಿ ಎಲ್ಲರ ಹೆಸರನ್ನೂ ಅವಳೇ ತುಂಬಿ ಸಹಿಗೆ ಕೊಟ್ಟಿದ್ದಳು. ಅವನು ಅವಳಿಗೆ ತಿಳಿಸದೆ ಒಂದು ಸಾಲು ಬಿಟ್ಟು ಹೊಸದಾಗಿ ಬರೆದು, ಅಂಚೆಗೆ ಹಾಕಿ, ಬಾಯಿ ಮುಚ್ಚಿಕೊಂಡು ಕೂತಿದ್ದ. ಮೂರನೇ ಮನೆ ಕೆಂಪಾಗುವುದೋ ಇಲ್ಲವೋ ಎಂದು ಸರಿಯಾಗಿ ತಿಳಿಯುವ ಮೊದಲೇ!

ಎವರ್ಟನ್ ಬಟ್ಟಲು ಕೆಳಗಿಟ್ಟ. "ಸರಿ ಬಾಸ್" ಎಂದು ಎದ್ದು ಹೋದ. ನನಗೆ ಸೀಬ್ರೆನ್‌ನ ಬೋಳು ತಲೆಯ ಮೇಲೆ ಆ ಬಟ್ಟಲನ್ನು ಕವುಚಬೇಕೆನಿಸಿತು. ಕವುಚಲಿಲ್ಲ. ಹತ್ತೊಂಬತ್ತು ವರ್ಷ ಉಪ್ಪು ತಿಂದವಳು, ಸುಮ್ಮನೆ ಬಿಸ್ಕತ್ತು ಅಗಿದೆ. ನನ್ನ ಮೇಲೂ ನನಗೆ ಹೇಸಿಗೆಯಾಯಿತು.

ಮಧ್ಯಾಹ್ನ ಎಸೆಯುವ ಕುಂಡಗಳನ್ನು ಬೇರ್ಪಡಿಸಲು ನನ್ನನ್ನೂ ಎವರ್ಟನ್‌ನನ್ನೂ ಮೂರನೇ ಮನೆಗೆ ಕಳಿಸಿದರು. ದಕ್ಷಿಣದ ಬಾಗಿಲಿಂದ ಶುರು ಮಾಡಿ ನಡುದಾರಿಯ ಎರಡೂ ಬದಿಯ ಮೇಜುಗಳನ್ನು ನೋಡುತ್ತ ಹೋದೆವು. ಹಸಿರು, ಹಸಿರು, ಹಸಿರು. ಉತ್ತರದ ತುದಿಗೆ ಬಂದಾಗ ಎವರ್ಟನ್ ನಿಂತುಬಿಟ್ಟ.

"ಮಿಸ್ ಅಲೀಡಾ, ಇಲ್ನೋಡಿ."

ಕ್ಯಾಮೆರಾದ ಬುಡದಲ್ಲಿದ್ದ ಮೂರು ಮೇಜುಗಳ ಗಿಡಗಳು ಪೂರಾ ಕೆಂಪಾಗಿದ್ದವು. ಬೇರೆ ಮನೆಗಳಲ್ಲಿ ಕೂಡ ಅಷ್ಟು ಒಳ್ಳೆಯ ಬಣ್ಣ ನಾನು ಕಂಡಿರಲಿಲ್ಲ. ಕ್ಯಾಮೆರಾದಿಂದ ದೂರ ಹೋದಷ್ಟೂ ಕೆಂಪು ಕಮ್ಮಿ, ನಡುದಾರಿಯ ಮಧ್ಯಕ್ಕೆ ಬಂದರೆ ಶುದ್ಧ ಹಸಿರು.

"ವಿಷ ಹಾಕ್ದೋನ ಕಾಲಬುಡದಲ್ಲೇ ಊಟ ಇಷ್ಟು ಚೆನ್ನಾಗಿರುತ್ತಾ?" ಎಂದ ಎವರ್ಟನ್. "ಈ ಕ್ಯಾಮೆರಾ ಪಾಪದ್ದು. ಬೇರೆ ಯಾವ್ದೋ ಬೆಳಕು ಇಲ್ಲಿಗೆ ಬರ್ತಿದೆ, ಮಧ್ಯದಲ್ಲಿ ಬಂದು ನಿಲ್ತಿದೆ."

"ಯಾರು ತರ್ತಾರೆ ಮಾರಾಯ? ರಸ್ತೆ ಬೆಳಕು ಇಲ್ಲಿಗೆ ಬರಲ್ಲ."

ಅವನು ಮೇಲೆ ನೋಡಿದ. ಗಿಡಗಳ ಮೇಲೆ ಎಳೆದಿದ್ದ ತಂತಿಯಲ್ಲಿ, ನಡುದಾರಿಯ ಸರಿಮಧ್ಯಕ್ಕೆ, ಒಂದು ಕೊಕ್ಕೆ ನೇತಾಡುತ್ತಿತ್ತು. ಅದು ನಾವು ಹಾಕಿದ್ದಲ್ಲ. "ಇಲ್ಲಿಗೆ ಯಾರು ಬಂದ್ರು ಅಂತ ನೋಡಿದೋರು ಒಬ್ರೇ ಇದಾರೆ" ಎಂದು ಕ್ಯಾಮೆರಾದ ಕಡೆ ಬೆರಳು ತೋರಿಸಿದ.

ಮರೀಕೆಗೆ ಹೇಳಿದೆವು. ಅವಳು ಆ ಚಿತ್ರಗಳನ್ನು ಅಲ್ಲಿಯವರೆಗೆ ಒಮ್ಮೆಯೂ ನೋಡಿರಲಿಲ್ಲ. ಮತ್ತೆ ಕಳ್ಳತನವಾಗಿಲ್ಲ, ಯಾಕೆ ನೋಡುತ್ತಾಳೆ? ಯಂತ್ರದಲ್ಲಿ ಹಿಂದಿನ ಮೂವತ್ತು ದಿನಗಳ ಚಿತ್ರವಿತ್ತು. ಪ್ಯಾಕಿಂಗ್ ಕೊಠಡಿಯ ಕಂಪ್ಯೂಟರಿನಲ್ಲಿ ತೆಗೆದಳು, ನಾವಿಬ್ಬರೂ ಬೆನ್ನ ಹಿಂದೆ ನಿಂತೆವು.

ಕಾಣದ ಬೆಳಕಿನಲ್ಲಿ ಹಿಡಿದ ಚಿತ್ರವೆಲ್ಲ ಬೂದುಬಣ್ಣ. ಬೂದು ಗಿಡ, ಬೂದು ದಾರಿ, ಅಲುಗಾಟವಿಲ್ಲ. ಅವಳು ಓಡಿಸುತ್ತ ಹೋದಳು. ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ತಟ್ಟನೆ ಚಿತ್ರಕ್ಕೆ ಬಣ್ಣ ಬಂತು. ಒಳಗೆ ನಿಜವಾದ ಬೆಳಕು ಬಂದರೆ ಕ್ಯಾಮೆರಾ ತಾನಾಗಿಯೇ ಬಣ್ಣಕ್ಕೆ ತಿರುಗುತ್ತದಂತೆ. ಮನೆಯೆಲ್ಲ ಪಾಚಿಯಂಥ ಹಸಿರು. ದಕ್ಷಿಣದ ಬಾಗಿಲಿಂದ ಒಂದು ದೊಡ್ಡ ಬ್ಯಾಟರಿ ದೀಪ ಒಳಗೆ ಬಂತು. ದೀಪದ ಹಿಂದೆ ಸೀಬ್ರೆನ್.

ದೀಪದ ಮೂತಿಗೆ ಹಸಿರು ಜಿಲೇಟಿನ್ ಕಾಗದ ಸುತ್ತಿದ್ದ. ಅದು ನಾನು ಕುಂಡಗಳಿಗೆ ಸುತ್ತುವ ಕಾಗದ. ಸುರುಳಿ ಬೇಗ ಬೇಗ ಮುಗಿಯುತ್ತಿದೆಯಲ್ಲ ಎಂದು ಇಲಿಗಳಿಗೆ ಶಾಪ ಹಾಕಿದ್ದೆ. ಗಿಡಕ್ಕೆ ಹಸಿರು ಬೆಳಕು ಕಾಣುವುದಿಲ್ಲ ಎಂಬುದು ನಮ್ಮ ಬೆಳೆಗಾರರ ಹಳೆಯ ನಂಬಿಕೆ, ಅಜ್ಜಂದಿರ ಕಾಲದ್ದು. ಅರ್ಧ ನಿಜ, ಅರ್ಧ ಕತೆ. ಅದರ ಮೇಲೆ ಈ ಅಗ್ಗದ ಕಾಗದದಲ್ಲಿ ಕೆಂಪೂ ಸೋರುತ್ತದೆ, ಸಾಲದ್ದಕ್ಕೆ ದೀಪದ ಬಿಸಿಗೆ ನಡುವೆ ಸುಟ್ಟು ತೂತಾಗಿತ್ತು. ತೂತಿನಿಂದ ಬಿಳಿ ಬೆಳಕಿನ ಕೋಲು ಗಿಡಗಳ ಮೇಲೆ ನೆಟ್ಟಗೆ ಬೀಳುತ್ತಿತ್ತು.

ಅವನು ದೀಪವನ್ನು ಕೊಕ್ಕೆಗೆ ನೇತುಹಾಕಿದ. ಬಕೆಟ್ಟು ಬೋರಲು ಹಾಕಿ ಕೂತ. ಗಿಡಗಳನ್ನೂ ದೂರದ ಕೆಂಪು ಚುಕ್ಕಿಗಳನ್ನೂ ಒಂದಾದ ಮೇಲೊಂದು ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡ. ಕ್ಯಾಮೆರಾ ಗಿಡಗಳ ನಿದ್ದೆ ಕೆಡಿಸುತ್ತಿದೆಯೇ ಎಂದು ಪರೀಕ್ಷಿಸಲು ಬಂದಿದ್ದ ಮಹಾನುಭಾವ. ಮುಕ್ಕಾಲು ಗಂಟೆ ಕೂತು ಎದ್ದು ಹೋದ. ಉತ್ತರದ ತುದಿಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆ ಕಿರಣ ತನ್ನ ಮೈಗೂ ತಾಗೀತು ಎಂಬ ಭಯ. ಅದಕ್ಕೇ ಆ ಮೂರು ಮೇಜು ಬದುಕಿಕೊಂಡವು.

ಮರುದಿನದ ಚಿತ್ರದಲ್ಲೂ ಅದೇ. ಅದರ ಮರುದಿನವೂ ಅದೇ. ಮೂವತ್ತಕ್ಕೆ ಮೂವತ್ತು. ಭಾನುವಾರಗಳಂದು ಕಾಲರು, ಟೈ ಸಮೇತ ಬಂದಿದ್ದ, ಎರಡು ಗಂಟೆ ಕೂತಿದ್ದ. ನಮ್ಮಲ್ಲಿ ಭಾನುವಾರ ಯಾರೂ ಕೆಲಸ ಮಾಡುವಂತಿಲ್ಲ, ಒಣಗಿದ ಎಲೆಯನ್ನು ಕೀಳುವುದೂ ಪಾಪ. ಸುಮ್ಮನೆ ನೋಡುವುದು ಕೆಲಸದ ಲೆಕ್ಕಕ್ಕೆ ಬಾರದು. ಬೇರೆ ಕೆಲಸವಿಲ್ಲದ್ದರಿಂದ ಅಂದು ಪುರುಸೊತ್ತಾಗಿ ನೋಡುತ್ತಿದ್ದ, ದೇವರ ದಿನವನ್ನು ಒಂಚೂರೂ ಕೆಡಿಸದೆ ಎರಡು ಸಾವಿರ ಗಿಡಗಳನ್ನು ಕೆಡಿಸುತ್ತಿದ್ದ.

ನಾನು ನಕ್ಕೆ. ತಡೆಯಲಾಗಲಿಲ್ಲ. ಕಂಡವರ ಮಕ್ಕಳ ಕುಂಬಳಕಾಯಿ ದೀಪ ಊದಿದವನು ತನ್ನ ದೀಪವನ್ನು ತಾನೇ ಹೊತ್ತು ತಂದು ನೇತುಹಾಕಿದ್ದ. ಎವರ್ಟನ್ ನಗಲಿಲ್ಲ. ಮರೀಕೆ ಎದ್ದು ಹೋಗಿ ಅಪ್ಪನನ್ನು ಕರೆತಂದಳು.

ಸೀಬ್ರೆನ್ ನಿಂತೇ ನೋಡಿದ. ಪರದೆಯ ಮೇಲೆ ತಾನು ಬಕೆಟ್ಟಿನ ಮೇಲೆ ಕೂತು ಮೂಗು ಕೆರೆದುಕೊಳ್ಳುವುದನ್ನು ನೋಡಿದ.

"ಹಸಿರು ದೀಪ ಅದು. ಗಿಡಕ್ಕೆ ಕಾಣಲ್ಲ" ಎಂದ.

"ತೂತಾಗಿದೆ ಅಪ್ಪ."

"ಸ್ವಲ್ಪ."

"ಕೆಂಪಾಗಿರೋದು ಕ್ಯಾಮೆರಾ ಬುಡದ್ದು ಮಾತ್ರ. ಹೋಗಿ ನೋಡು ಬೇಕಾದ್ರೆ. ನೀನು ಕೂತಿದ್ದ ಜಾಗದ್ದೇ ಹಸಿರು."

"ಹಾಗಾದ್ರೆ ಆ ಯಂತ್ರ ಹತ್ತಿರ ಇದ್ದಿದ್ದನ್ನ ಬಿಟ್ಟು ದೂರ ಇದ್ದಿದ್ದನ್ನ ಹಾಳು ಮಾಡುತ್ತೆ ಅಂತಾಯ್ತು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿದು ಕಾಲು ಮುರಿದುಕೊಂಡ ಮೇಲೂ ನೆಲವನ್ನೇ ಬೈಯುತ್ತಿದ್ದ. "ಸೀಬ್ರೆನ್, ಬಾಯಿ ಮುಚ್ಚಯ್ಯ ಸಾಕು" ಎಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಾಗೆಂದೆ, ಇನ್ನೂ ಮೊದಲೇ ಅನ್ನಬೇಕಿತ್ತು. ಅವನು ನನ್ನತ್ತ ತಿರುಗಿದ, ಎವರ್ಟನ್‌ನತ್ತ ತಿರುಗಿದ, ಕೊನೆಗೆ ಎಲ್ಲೂ ನೋಡಲು ಜಾಗವಿಲ್ಲದೆ ನೆಲ ನೋಡಿದ. ಅವನ ಕಿವಿಗಳು ಮೂರನೇ ಮನೆಯ ನಡುದಾರಿಯ ಯಾವ ಗಿಡವೂ ಆ ವರ್ಷ ಆಗದಷ್ಟು ಕೆಂಪಾಗಿದ್ದವು.

ಮರೀಕೆ ಫೋನನ್ನು ಅವನ ಮುಂದಿಟ್ಟಳು. "ಆಫೀಸಿಗೆ ಮಾಡು. ಎವರ್ಟನ್ ಹೆಸರು ಸೇರ್ಸು ಅನ್ನು. ಈಗ್ಲೇ."

ಅವನಿಗೆ ಕಿವಿ ಮಂದ, ಫೋನು ಯಾವಾಗಲೂ ಗಟ್ಟಿಯಾಗಿ ಕೇಳುವಂತೆಯೇ ಇಡಬೇಕು. ಆದ್ದರಿಂದ ಆಫೀಸಿನ ಹುಡುಗಿಯ ಮಾತು ನಮ್ಮೆಲ್ಲರಿಗೂ ಕೇಳಿಸಿತು. ಬಲು ಮರ್ಯಾದೆಯ ಹುಡುಗಿ. "ಸೇರಿಸ್ಬಹುದು ಸರ್. ನೀವು ಬೇಕು ಅಂತಾನೇ ಹೆಸರು ಬಿಟ್ಟಿದ್ರೆ ಹೊಸ ಅರ್ಜಿ ಹಾಕ್ಬೇಕು. ಯಾಕೆ ಬಿಟ್ರಿ, ಈಗ ಯಾಕೆ ಮನಸ್ಸು ಬದಲಾಯ್ತು ಅಂತ ಕಾರಣ ಬರ್ದು ಕೊಡ್ಬೇಕು. ಬರೆಯುವಾಗ ಮರೆತುಹೋಗಿದ್ರೆ ಅಷ್ಟೆಲ್ಲ ಬೇಡ, ಒಂದು ತಿದ್ದುಪಡಿ ಕಾಗದ ಸಾಕು. ಯಾವ್ದು ಸರ್?"

ಸೀಬ್ರೆನ್ ಫೋನನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕಾರಣ ಬರೆಯುವುದೆಂದರೆ, ನಾನು ಕತ್ತಲಲ್ಲಿ ದೀಪ ಹಿಡಿದು ಕೂತು ನನ್ನ ಬೆಳೆಯನ್ನು ನಾನೇ ಕೆಡಿಸಿ ಇವನ ತಲೆಗೆ ಕಟ್ಟಿದೆ ಎಂದು ಬರೆಯಬೇಕು. ಎವರ್ಟನ್ ಬಾಗಿಲ ಬಳಿ ಟೋಪಿ ಹಿಡಿದು ನಿಂತಿದ್ದ. ಟೋಪಿಯ ಅಂಚನ್ನು ಅವನ ಬೆರಳುಗಳು ಸುತ್ತುತ್ತಲೇ ಇದ್ದವು. ಈ ಮುದುಕ ಫೋನು ಕೆಳಗಿಟ್ಟುಬಿಟ್ಟರೆ ಮುಗಿಯಿತು ಎಂದು ನಾನು ಅವನ ಕೈಯನ್ನೇ ನೋಡುತ್ತಿದ್ದೆ.

"ಮರೆತಿದ್ದು" ಎಂದ ಸೀಬ್ರೆನ್.

"ಸರಿ ಸರ್. ಯಾರು ಮರೆತಿದ್ದು? ಹೆಸರು ಬರ್ಕೋಬೇಕು."

ಒಂದೇ ಒಂದು ಶಬ್ದ ಬೇಕಿತ್ತು. ನಾನು ಎಂದಿದ್ದರೆ ಮುಗಿಯುತ್ತಿತ್ತು, ಅದು ಸಹ ಪೂರಾ ನಿಜವಲ್ಲ, ಆದರೂ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಅವನ ಕಣ್ಣು ಕೊಠಡಿಯಲ್ಲಿ ಒಂದು ಸುತ್ತು ಹೊಡೆದು ಮಗಳ ಮೇಲೆ ನಿಂತಿತು.

"ನನ್ ಮಗಳು" ಎಂದ. "ಪಟ್ಟಿ ಬರೆಯೋದು ಅವ್ಳೇ. ಅವ್ಳೇ ಮರೆತಳು."

ಥೂ ಎಂದೆ ನಾನು, ಗಟ್ಟಿಯಾಗಿಯೇ.

"ಹಾಗಾದ್ರೆ ತಿದ್ದುಪಡಿಗೆ ಅವ್ರೇ ಸಹಿ ಹಾಕ್ಬೇಕಾಗುತ್ತೆ ಸರ್. ತಪ್ಪು ಯಾರದೋ ಅವ್ರದೇ ಸಹಿ, ನಿಯಮ ಹಾಗಿದೆ. ಆದ್ರೆ ನಮ್ಮ ದಾಖಲೆಲಿ ಸಹಿ ಅಧಿಕಾರ ನಿಮ್ಮೊಬ್ರಿಗೇ ಇರೋದು. ಅವ್ರಿಗೂ ಇದೆ ಅಂತ ಸೇರಿಸ್ಲಾ?"

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಇಲ್ಲ ಎಂದರೆ ಸುಳ್ಳು ಬಯಲಾಗುತ್ತದೆ. ಹೌದು ಎಂದರೆ ಹತ್ತು ವರ್ಷ ಬಿಗಿಹಿಡಿದ ಪೆನ್ನು ಕೈಬಿಡುತ್ತದೆ. ಸೀಬ್ರೆನ್ ಮಗಳ ಮುಖ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ, ಕೈಕಟ್ಟಿ ನಿಂತಿದ್ದಳು. ಮಾಡಿದ್ದುಣ್ಣೋ ಮಹರಾಯ ಎಂದು ನಾನು ಮನಸ್ಸಿನಲ್ಲೇ ಬಡಿಸಿದೆ.

"ಸೇರ್ಸಿ" ಎಂದ. ಸ್ವರ ಎಷ್ಟು ಸಣ್ಣಗಿತ್ತೆಂದರೆ ಆ ಹುಡುಗಿ ಇನ್ನೊಮ್ಮೆ ಹೇಳಿಸಿದಳು. ಅವನು ಇನ್ನೊಮ್ಮೆ ಹೇಳಬೇಕಾಯಿತು.

ಕಾಗದ ಹತ್ತು ನಿಮಿಷದಲ್ಲಿ ಯಂತ್ರದಿಂದ ಹೊರಬಂತು. ಸೀಬ್ರೆನ್ ಅಧಿಕಾರ ಕೊಡುವ ಸಾಲಿಗೆ ತನ್ನ ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟ, ಮಗಳ ಕೈಗೆ ಕೊಡಲಿಲ್ಲ. ಮರೀಕೆ ಅದನ್ನು ಎತ್ತಿಕೊಂಡು, ಎವರ್ಟನ್‌ನ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದಳು. ಕಳಿಸುವ ಮೊದಲು ಕಾಗದವನ್ನು ಎವರ್ಟನ್‌ಗೆ ಕೊಟ್ಟಳು.

ಅವನು ನಿಧಾನವಾಗಿ, ಎರಡು ಸಲ ಓದಿದ. ಆಮೇಲೆ ತಲೆಯೆತ್ತಿ, ಸೀಬ್ರೆನ್ ಮೂರಡಿ ದೂರದಲ್ಲಿ ನಿಂತಿದ್ದರೂ ಅವನತ್ತ ನೋಡದೆ ಕೇಳಿದ.

"ಇಲ್ಲಿ ನಿಮ್ಮ ಹೆಸರಿದೆ, ಮಿಸ್ ಮರೀಕೆ. ನನ್ನ ಹೆಸರು ಮರೆತಿದ್ದು ನೀವಾ?"

ಮರೀಕೆ ಅಪ್ಪನನ್ನು ನೋಡಿದಳು. ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟಳು. ಅವನು ಅಂಗಿಯ ಗುಂಡಿ ಹಿಡಿದುಕೊಂಡು ನಿಂತಿದ್ದ.

"ಹೌದು" ಎಂದಳು ಮರೀಕೆ. "ನಾನೇ ಮರೆತೆ. ತಪ್ಪಾಯ್ತು ಎವರ್ಟನ್."

"ಪರವಾಗಿಲ್ಲ ಮಿಸ್" ಎಂದು ಎವರ್ಟನ್ ಅವಳ ಕೈ ಕುಲುಕಿದ. "ಕ್ಷಮಿಸಿದೀನಿ."

ಸೀಬ್ರೆನ್ ಆ ಮಾತನ್ನು ಕೇಳಿಸಿಕೊಂಡ. ಅದು ತನಗೆ ಬರಬೇಕಾದದ್ದು ಎಂದು ಅವನಿಗೆ ಗೊತ್ತಾಯಿತು, ಅವನ ಮುಖದಲ್ಲೇ ಕಂಡೆ. ಒಂದು ಕ್ಷಣ ಕೈಯನ್ನು ಅರ್ಧ ಮುಂದೆ ಚಾಚಿದ ಕೂಡ. ಎವರ್ಟನ್ ಟೋಪಿ ಹಾಕಿಕೊಂಡು ಹಸಿರು ಕುಂಡಗಳನ್ನು ಹೊರಗೆ ಸಾಗಿಸಲು ಹೋಗಿಬಿಟ್ಟಿದ್ದ.